ಕುಮಾರಿ ಈಡಾ ಫ್ರಾಯಿಂಡ್

ಹೆಣ್ಣುಮಕ್ಕಳಿಗೆ ಕಲಿಸುವ ರಸಾಯನಶಾಸ್ತ್ರವು ಅಡಿಗೆಮನೆಗೆ ಒದಗುವಷ್ಟಿದ್ದರೆ ಸಾಕೆಂಬ ವಾದವು ಒಂದು ಕಾಲದಲ್ಲಿ ಇಂಗ್ಲೆಂಡಿನ ವಿದ್ಯಾವಂತರಲ್ಲಿಯೇ ಬಲವಾಗಿತ್ತು. ಆ ವಾದಕ್ಕೆ ತಲೆಬಾಗದೆ, ಕೇಂಬ್ರಿಜ್ ನಗರದಲ್ಲಿ ಸುಮಾರು 25 ವರ್ಷ ಯುವತಿಯರಿಗೆ ಈ ಶಾಸ್ತ್ರವನ್ನು ಬೋಧಿಸಿದ ಕುಮಾರಿ ಈಡಾ ಫ್ರಾಯಿಂಡರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯ್ತಂದೆಗಳೂ ಅರಿಯುವುದು ಉಚಿತವೆಂದು ತೋರಿ ಇಲ್ಲಿ ಬರೆಯುತ್ತೇವೆ.

ಇವರು 1863ರಲ್ಲಿ ಆಸ್ಟ್ರಿಯಾ ದೇಶದಲ್ಲಿ ಜನಿಸಿದರು. ಎಳವೆಯಲ್ಲಿಯೇ ತಬ್ಬಲಿಯಾಗಿ ವಿಯೆನ್ನಾದಲ್ಲಿ ಅಜ್ಜ ಅಜ್ಜಿಯರ ಬಳಿ ಬೆಳೆದರು. ಬೈಸಿಕಲ್ ಅಪಘಾತವೊಂದರಲ್ಲಿ ಒಂದು ಕಾಲನ್ನು ಕಳೆದುಕೊಂಡರು. 1881ರಲ್ಲಿ, ಪಿಟೀಲು ವಿದ್ವಾಂಸರಾಗಿದ್ದ ಬಂಧುಗಳಾದ ಲುಡ್ವಿಗ್ ಸ್ಟ್ರಾಸರ ಆಶ್ರಯವನ್ನು ಬಯಸಿ ಇಂಗ್ಲೆಂಡಿಗೆ ಬಂದು, ಮರುವರ್ಷವೇ ಗರ್ಟನ್ ಕಾಲೇಜನ್ನು ಸೇರಿದರು. ಪ್ರಕೃತಿವಿಜ್ಞಾನದ ಪರೀಕ್ಷೆಯಲ್ಲಿ ಪ್ರಥಮ ವರ್ಗವನ್ನು ಪಡೆದರೂ ಪದವಿ ಮಾತ್ರ ದೊರೆಯಲಿಲ್ಲ. ಪರೀಕ್ಷೆಗೆ ಕುಳಿತುಕೊಳ್ಳಬಹುದು, ಪದವಿಯನ್ನು ಕೇಳಕೂಡದು ಎಂಬುದೇ ಆಗ ಕೇಂಬ್ರಿಜ್‌ನಲ್ಲಿ ಸ್ತ್ರೀಯರಿಗೆ ವಿಧಿಸಿದ್ದ ಕಟ್ಟಳೆ. ಅದು ಪೂರ್ತಿ ಸಡಿಲವಾಗಲು 1948ನೆಯ ಇಸವಿಯೇ ಬರಬೇಕಾಯಿತು!

1887ರಲ್ಲಿ ಅವರು ನ್ಯೂನಂ ಕಾಲೇಜಿನ ಪ್ರಯೋಗಶಾಲೆಗೆ ಬಂದರು. 1890ರಲ್ಲಿ ಅಲ್ಲಿಯೇ ಉಪನ್ಯಾಸಕಿಯಾದರು. ಬ್ರಿಟನ್ನಿನಲ್ಲಿ ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಈ ಶಾಸ್ತ್ರವನ್ನು ಬೋಧಿಸಿದ ಮೊದಲ ಮಹಿಳಾ ಉಪನ್ಯಾಸಕಿ ಇವರೆಂದು ಪ್ರಸಿದ್ಧಿ. ಕೈಗಳಿಂದ ನಡೆಸುವ ಮೂರು ಚಕ್ರದ ಗಾಡಿಯಲ್ಲಿ ಅವರ ಸಂಚಾರ. ಗುರುವು ಹೇಳಿದ ಮಾತ್ರಕ್ಕೆ ಯಾವುದನ್ನೂ ನಂಬಬಾರದು, ಪ್ರಯೋಗದಿಂದ ತಾನೇ ಕಂಡು ಒಪ್ಪಬೇಕು ಎಂಬುದು ಅವರ ಬೋಧನೆಯ ತಿರುಳು. ಸಿದ್ಧಾಂತಗಳು ಹೇಗೆ ಹುಟ್ಟಿ ಹೇಗೆ ತಿದ್ದಲ್ಪಟ್ಟುವೆಂಬುದನ್ನು ವಿವರಿಸುವ ಅವರ ದೊಡ್ಡ ಗ್ರಂಥವು 1904ರಲ್ಲಿ ಪ್ರಕಟವಾಯಿತು.

ಹುಡುಗಿಯರ ಶಾಲೆಗಳಲ್ಲಿ ವಿಜ್ಞಾನದ ಸ್ಥಾನಕ್ಕೆ ಗೃಹವಿಜ್ಞಾನವನ್ನು ತರಬೇಕೆಂಬ ಸಲಹೆ ಬಂದಾಗ, 1911ರಲ್ಲಿ ಅವರು ಅದನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಖಂಡಿಸಿದರು. ಅಡಿಗೆಯನ್ನು ಅವರು ಹೀಯಾಳಿಸಲಿಲ್ಲ. ಪಾಕದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳು ಬಹಳ ತೊಡಕಿನವು. ಮೂಲತತ್ವಗಳನ್ನರಿಯದ ಬಾಲೆಗೆ ಅವುಗಳಿಂದ ವಿಜ್ಞಾನವು ಬಾರದು ಎಂಬುದೇ ಅವರ ಆಕ್ಷೇಪ. ಇಂತಹವರೇ ಪರೀಕ್ಷೆ ಸಮೀಪಿಸಿದಾಗ ಶಿಷ್ಯೆಯರನ್ನು ಕರೆದು ಸಿಹಿ ಕೇಕುಗಳ ಮುಂದೆ ನಿಲ್ಲಿಸಿದರೆಂಬುದು ವಿನೋದದ ಸಂಗತಿ! ಮೂಲಧಾತುಗಳ ಆವರ್ತ ಕೋಷ್ಟಕವನ್ನೇ ಕೇಕುಗಳಿಂದ ಜೋಡಿಸಿ, ಒಂದೊಂದರ ಮೇಲೂ ಧಾತುವಿನ ಹೆಸರನ್ನೂ ಪರಮಾಣು ತೂಕವನ್ನೂ ಸಕ್ಕರೆಯ ಲೇಪದಲ್ಲಿ ಬರೆಯಿಸಿದ್ದರು. ಪಾಠವಾದ ಮೇಲೆ ಕೋಷ್ಟಕದ ಗತಿಯೇನಾಯಿತೆಂದು ಹೇಳಬೇಕಾಗಿಲ್ಲ.

ಲಂಡನ್ನಿನ ಕೆಮಿಕಲ್ ಸೊಸೈಟಿಗೆ ಸ್ತ್ರೀಯರನ್ನೂ ಸೇರಿಸಬೇಕೆಂದು 1904ರಲ್ಲಿ 19 ಮಂದಿ ಮಹಿಳೆಯರು ಸಲ್ಲಿಸಿದ ಮನವಿಗೆ ಇವರೂ ಇವರ ಶಿಷ್ಯೆ ಈಡಾ ಸ್ಮೆಡ್ಲಿಯೂ ಸಹಿ ಹಾಕಿದ್ದರು. ಅದು ಆಗ ಫಲಿಸಲಿಲ್ಲ. 1914ರಲ್ಲಿ ಫ್ರಾಯಿಂಡರು ತೀರಿಕೊಂಡರು. 1920ರಲ್ಲಿ ಸೊಸೈಟಿಯು ಬಾಗಿಲು ತೆರೆದಾಗ ಮೊದಲು ಸೇರಿದವರು ಆ ಶಿಷ್ಯೆಯೇ. ಅದೇ ವರ್ಷ, ಗುರುವು ಅಪೂರ್ಣವಾಗಿ ಬಿಟ್ಟುಹೋಗಿದ್ದ ಎರಡನೆಯ ಪುಸ್ತಕವನ್ನು ಗರ್ಟನ್ನಿನ ಉಪನ್ಯಾಸಕಿ ಬಿಯಾಟ್ರಿಸ್ ಥಾಮಸರು ಇನ್ನೊಬ್ಬರೊಡನೆ ಸೇರಿ ಪರಿಷ್ಕರಿಸಿ ಅಚ್ಚು ಹಾಕಿಸಿದರು.