ಆಸ್ಕರ್ ಬಾರ್ನಾಕ್

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಛಾಯಾಚಿತ್ರ ತೆಗೆಯುವುದು ಸುಲಭದ ಕೆಲಸವಾಗಿರಲಿಲ್ಲ. ಪೆಟ್ಟಿಗೆಯಂತಹ ಕ್ಯಾಮೆರಾ, ಗಾಜಿನ ಫಲಕಗಳು, ಮೂರು ಕಾಲಿನ ಪೀಠ ಇವೆಲ್ಲವನ್ನೂ ಹೊತ್ತು ನಡೆಯಬೇಕಾಗಿತ್ತು. ಈ ಹೊರೆಯನ್ನು ಇಳಿಸಿದವರಲ್ಲಿ ಜರ್ಮನಿಯ ಆಸ್ಕರ್ ಬಾರ್ನಾಕ್ ಅಗ್ರಗಣ್ಯನು.

ಬಾರ್ನಾಕ್ 1879ರ ನವೆಂಬರ್ 1ರಂದು ಬ್ರಾಂಡೆನ್‌ಬರ್ಗ್ ಪ್ರಾಂತದ ಲೀನೋ ಎಂಬ ಹಳ್ಳಿಯಲ್ಲಿ ಜನಿಸಿದನು. ಬರ್ಲಿನ್ನಿನ ಬಳಿ ಯಂತ್ರಗಳ ಕೆಲಸವನ್ನು ಕಲಿತು, 1902ರಲ್ಲಿ ಯೆನಾ ನಗರದ ಕಾರ್ಲ್ ಝೈಸ್ ಸಂಸ್ಥೆಯನ್ನು ಸೇರಿದನು. ಹೊರನಾಡಿನಲ್ಲಿ ಸುತ್ತಾಡಿ ಚಿತ್ರ ತೆಗೆಯುವುದರಲ್ಲಿ ಅವನಿಗೆ ಅಪಾರ ಆಸಕ್ತಿ. ಆದರೆ ಉಬ್ಬಸದ ಬೇನೆಯಿಂದ ಬಳಲುತ್ತಿದ್ದ ಅವನಿಗೆ ಭಾರವಾದ ಉಪಕರಣಗಳನ್ನು ಹೊರುವುದು ಅಸಾಧ್ಯವಾಗಿತ್ತು. ಕೊರತೆಯೇ ಅವನ ಶೋಧನೆಗೆ ಪ್ರೇರಣೆಯಾಯಿತು.

1911ರಲ್ಲಿ ಅವನು ವೆಟ್ಸ್‌ಲರ್ ಊರಿನ ಲೈಟ್ಸ್ ಸೂಕ್ಷ್ಮದರ್ಶಕ ಕಾರ್ಖಾನೆಗೆ ಬಂದನು. ಅಲ್ಲಿ ಚಲನಚಿತ್ರದ ಕ್ಯಾಮೆರಾವೊಂದನ್ನು ರಚಿಸುತ್ತಿದ್ದಾಗ, 35 ಮಿಲಿಮೀಟರ್ ಅಗಲದ ಸಿನಿಮಾ ಫಿಲ್ಮು ಅವನ ಮನಸ್ಸನ್ನು ಸೆಳೆಯಿತು. ಸಿನಿಮಾ ಚಿತ್ರದ ಅಳತೆ 18 ಮತ್ತು 24 ಮಿಲಿಮೀಟರ್. ಅದನ್ನು ಇಮ್ಮಡಿಗೊಳಿಸಿ 24 ಮತ್ತು 36 ಮಿಲಿಮೀಟರಿನ ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾವನ್ನು 1914ರ ವೇಳೆಗೆ ನಿರ್ಮಿಸಿದನು. ಆ ವರ್ಷವೇ ಮಹಾಯುದ್ಧ ಆರಂಭವಾಗಿ ಕೆಲಸ ನಿಂತಿತು. ಯುದ್ಧಾನಂತರ ದೇಶವು ಆರ್ಥಿಕ ಸಂಕಟದಲ್ಲಿದ್ದರೂ, ಕಾರ್ಖಾನೆಯ ಒಡೆಯ ಎರಡನೆಯ ಅರ್ನ್‌ಸ್ಟ್ ಲೈಟ್ಸ್ 1924ರಲ್ಲಿ ಅದನ್ನು ತಯಾರಿಸಲು ಧೈರ್ಯಮಾಡಿದನು. 1925ರಲ್ಲಿ ಅದು 'ಲೈಕಾ' ಎಂಬ ಹೆಸರಿನಿಂದ ಲೈಪ್‌ಜಿಗ್ ಜಾತ್ರೆಯಲ್ಲಿ ಬೆಳಕು ಕಂಡಿತು.

ಚಿಕ್ಕ ಚಿತ್ರವನ್ನು ದೊಡ್ಡದಾಗಿಸಿದಾಗ ಸಣ್ಣ ದೋಷವೂ ಎದ್ದು ಕಾಣುತ್ತದೆ. ಆದುದರಿಂದ ಮಸೂರವು ಫಿಲ್ಮಿನಿಂದ ನಿಯತ ದೂರದಲ್ಲಿಯೇ ನಿಲ್ಲಬೇಕು. ಕೂದಲೆಳೆಯ ದಪ್ಪದಷ್ಟು ವ್ಯತ್ಯಾಸವಾದರೂ ಚಿತ್ರ ಮಸುಕಾಗಬಹುದು. 1930ರಲ್ಲಿ ಮಸೂರವನ್ನು ತಿರುಗಿಸಿ ಬದಲಾಯಿಸಬಹುದಾದ ಲೈಕಾ ಬಂದಿತು. ಆದರೆ ಈ ದೂರ ಎಲ್ಲ ಕ್ಯಾಮೆರಾಗಳಲ್ಲಿಯೂ ಒಂದೇ ಸಮನಾಗಿರಲಿಲ್ಲ. ಪ್ರತಿಯೊಂದು ಮಸೂರವನ್ನೂ ಒಂದೊಂದು ಕ್ಯಾಮೆರಾಕ್ಕೆ ಹೊಂದಿಸಿ, ಆ ಕ್ಯಾಮೆರಾದ ಸಂಖ್ಯೆಯ ಕೊನೆಯ ಅಂಕಿಗಳನ್ನು ಅದರ ಮೇಲೆ ಕೆತ್ತಬೇಕಾಗಿತ್ತು. ಒಂದರ ಮಸೂರ ಇನ್ನೊಂದಕ್ಕೆ ಸಲ್ಲುತ್ತಿರಲಿಲ್ಲ.

1931ರಲ್ಲಿ ಈ ತೊಡಕು ಬಗೆಹರಿಯಿತು. ಮಸೂರ ಕುಳಿತುಕೊಳ್ಳುವ ಲೋಹದ ಬಳೆಯಿಂದ ಫಿಲ್ಮಿಗೆ 28.8 ಮಿಲಿಮೀಟರ್ ದೂರವನ್ನು ನಿಗದಿಗೊಳಿಸಲಾಯಿತು. ಹೀಗೆ ತಯಾರಾದ ಕ್ಯಾಮೆರಾಗಳಿಗೆ ಸೊನ್ನೆಯ ಗುರುತು ಹಾಕಿದರು. ಅಂದಿನಿಂದ ಯಾವ ಮಸೂರವಾದರೂ ಯಾವ ಲೈಕಾಕ್ಕಾದರೂ ಹೊಂದುವಂತಾಯಿತು. ಸಿನಿಮಾ ಕ್ಯಾಮೆರಾಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. 1982ರಲ್ಲಿ ಆರಿ ಸಂಸ್ಥೆಯು ತಂದ ಜೋಡಣೆಯಲ್ಲಿ ಈ ದೂರ 52 ಮಿಲಿಮೀಟರ್.

ಬಾರ್ನಾಕ್ 1936ರ ಜನವರಿ 16ರಂದು ನಿಧನನಾದನು. ಅವನ ಪುಟ್ಟ ಕ್ಯಾಮೆರಾ ಬೀದಿಗೂ ರಣರಂಗಕ್ಕೂ ಹೋಗಿ ಜನಜೀವನವನ್ನು ಸೆರೆಹಿಡಿಯಿತು. ಆ ಚಿತ್ರಗಳನ್ನು ನೋಡಿದವರಾರಿಗೂ ಲೋಹದ ಬಳೆಯ ಆ ಅಳತೆ ಕಾಣಿಸುವುದಿಲ್ಲ. ಆದರೆ ಚಿತ್ರದ ಸ್ಪಷ್ಟತೆಯೆಲ್ಲ ಅದನ್ನೇ ಅವಲಂಬಿಸಿದೆ.