ಪರೇಲಿನ ಹಾಫ್ಕಿನ್

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿರುವ ಕನ್ನಡಿಗರಲ್ಲಿ ಪರೇಲಿನ ಹಾಫ್ಕಿನ್ ಸಂಸ್ಥೆಯ ಹೆಸರನ್ನು ಕೇಳದವರು ವಿರಳ. ಆದರೆ ಆ ಹೆಸರಿನ ಮಹನೀಯನ ಋಣ ನಮ್ಮ ಹುಬ್ಬಳ್ಳಿ-ಧಾರವಾಡಗಳ ಮೇಲೂ ಇದೆಯೆಂಬುದನ್ನು ಬಲ್ಲವರು ಕೆಲವರೇ.

ವಾಲ್ಡೆಮಾರ್ ಹಾಫ್ಕಿನ್ 1860ರಲ್ಲಿ ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ, ಯಹೂದಿ ಮನೆತನದಲ್ಲಿ ಹುಟ್ಟಿದನು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅವನಿಗೆ ಗುರುವಾಗಿ ದೊರೆತವನು ಮೆಚ್ನಿಕೋವ್. ಈ ಗುರುವು 1882ರಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಮೈಯೊಳಗೆ ಅಲೆದಾಡುವ ಜೀವಕೋಶಗಳು ಬಂದು ಮುಳ್ಳನ್ನು ಮುತ್ತಿದ್ದವು. ನಮ್ಮ ನೆತ್ತರಿನ ಬಿಳಿಯ ಕಣಗಳೂ ಹೀಗೆಯೇ ರೋಗಾಣುಗಳನ್ನು ನುಂಗುತ್ತವೆಂದು ಅವನು ಸಾರಿದನು. ಹುಟ್ಟಿನೊಡನೆ ಬರುವ ಈ ಕಾವಲನ್ನು ಸಹಜ ರೋಗನಿರೋಧಕ ಶಕ್ತಿ ಎನ್ನುತ್ತಾರೆ.

ಕಾವಲುಗಾರನಿದ್ದರೆ ಸಾಲದು, ಕಳ್ಳನ ಗುರುತೂ ತಿಳಿದಿರಬೇಕು. ಆ ಗುರುತನ್ನು ಮೈಗೆ ಮುಂಚಿತವಾಗಿ ಕಲಿಸುವುದೇ ಲಸಿಕೆಯ ಕೆಲಸ. ಶಿಷ್ಯನು ಹಿಡಿದ ದಾರಿ ಇದು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ಅವನು, 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತನ್ನ ಮೇಲೆಯೇ ಪರೀಕ್ಷಿಸಿಕೊಂಡನು. ಮರುವರ್ಷ ಅದನ್ನು ಹಿಡಿದುಕೊಂಡು ಭಾರತಕ್ಕೆ ಬಂದನು.

1896ರಲ್ಲಿ ಮುಂಬಯಿಗೆ ಪ್ಲೇಗು ಕಾಲಿಟ್ಟಿತು. ಜನರು ಮನೆಮಾರು ತೊರೆದು ಓಡಿದರು. ಸರಕಾರದ ಕರೆಯಂತೆ ಬಂದ ಹಾಫ್ಕಿನ್, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸಕ್ಕೆ ಕುಳಿತನು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಸಿ ಪ್ಲೇಗಿನ ರೋಗಾಣುಗಳನ್ನು ಬೆಳೆಸಿದನು; ಅವನ್ನು ಕಾಯಿಸಿ ಕೊಂದು ಲಸಿಕೆ ಮಾಡಿದನು. 1897ರ ಜನವರಿ 10ರಂದು ಅದನ್ನೂ ಮೊದಲು ತಾನೇ ಚುಚ್ಚಿಸಿಕೊಂಡನು. ಜ್ವರ ಬಂದಿತು, ಚುಚ್ಚಿದೆಡೆ ನೋವೆದ್ದಿತು. ಗುರುವು ಕಂಡಿದ್ದ ಆ ಕಾವಲುಗಾರರು ಎಚ್ಚೆತ್ತ ಗುರುತೇ ಅದು.

ಅಷ್ಟರಲ್ಲಿ ರೋಗವು ನಮ್ಮ ನಾಡನ್ನೂ ಮುಟ್ಟಿತ್ತು. 1898ರಲ್ಲಿ ಹುಬ್ಬಳ್ಳಿಯೊಂದರಲ್ಲಿಯೇ 30,000ಕ್ಕೂ ಮಿಕ್ಕ ಜನ ಈ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು. 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಭವನವೇ ಅವನ ಪ್ರಯೋಗಶಾಲೆಯಾಯಿತು.

ಆದರೆ 1902ರಲ್ಲಿ, ಪಂಜಾಬಿನ ಮುಲ್ಕೋವಾಲ ಗ್ರಾಮದಲ್ಲಿ, ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಪವಾದ ಹಾಫ್ಕಿನ್ನನ ತಲೆಗೆ ಬಂದಿತು, ಪದವಿ ಹೋಯಿತು. ಸೀಸೆಗೆ ವಿಷ ಸೇರಿದ್ದು ಪರೇಲಿನಲ್ಲಲ್ಲ, ಹಳ್ಳಿಯಲ್ಲಿ ಅದನ್ನು ತೆರೆದಾಗ ಎಂದು ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವನ ಪರವಾಗಿ ನಿಂತು ವಾದಿಸಿದರು. 1907ರಲ್ಲಿ ಕಳಂಕ ತೊಳೆಯಿತು. ಅವನು ಮತ್ತೆ ಭಾರತಕ್ಕೆ ಬಂದು ಕಲಕತ್ತೆಯಲ್ಲಿ ದುಡಿದನು. ತಾನು ಕಟ್ಟಿದ ಪರೇಲಿನ ಶಾಲೆ ಮಾತ್ರ ಅವನ ಕೈಗೆ ಮರಳಿ ಬರಲಿಲ್ಲ.

1925ರಲ್ಲಿ ಆ ಶಾಲೆಗೆ ಅವನ ಹೆಸರನ್ನೇ ಇಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವನು ಕಣ್ಮುಚ್ಚಿದನು. ಹೊಟ್ಟೆಪಾಡಿಗಾಗಿ ಹುಟ್ಟೂರು ಬಿಟ್ಟು ಬಂದ ನಾವು, ಪರರ ಪ್ರಾಣಕ್ಕಾಗಿ ಪರದೇಶದಲ್ಲಿ ದುಡಿದ ಈ ವಲಸಿಗನನ್ನು ನೆನೆಯುವುದು ಉಚಿತ.