ಉಳ್ಳವರ ಶುಲ್ಕದಲ್ಲಿ ಇಲ್ಲದವರ ಚಿಕಿತ್ಸೆ: ಮಿರಜದ ಡಾ. ವಾನ್ಲೆಸ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಕಾಯಿಲೆ ಕೈಮೀರಿತೆಂದರೆ ರೋಗಿಯನ್ನು ಮಿರಜಕ್ಕೆ ಒಯ್ಯುವ ಮಾತು ಬರುವುದು ಹಳೆಯ ರೂಢಿ. ಬೆಳಗಾವಿಯಲ್ಲಿ ಸರ್ಕಾರಿ ಹಾಗೂ ಖಾಸಗಿ ಬೃಹತ್ ಆಸ್ಪತ್ರೆಗಳು ತಲೆಯೆತ್ತಿದ ಮೇಲೂ ಆ ಮಾತು ಪೂರ್ತಿ ಅಳಿದಿಲ್ಲ. ನೆರೆಯ ಮಹಾರಾಷ್ಟ್ರದ ಒಂದು ಸಾಧಾರಣ ಪಟ್ಟಣವು ಕನ್ನಡ ನಾಡಿನ ರೋಗಿಗಳಿಗೂ ಕೊನೆಯ ಆಸರೆಯಾದುದರ ಹಿಂದೆ ಒಬ್ಬ ವೈದ್ಯರ ನಾಲ್ಕು ದಶಕಗಳ ದುಡಿಮೆಯಿದೆ. ಅವರೇ ಸರ್ ವಿಲಿಯಂ ಜೇಮ್ಸ್ ವಾನ್ಲೆಸ್. ಬಡವನ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಬೇಕೇ, ವಿಮೆ ಭರಿಸಬೇಕೇ ಎಂಬ ವಾದ ಈ ದೇಶದಲ್ಲಿ ಇನ್ನೂ ಹುಟ್ಟದಿದ್ದ ದಿನಗಳಲ್ಲಿ ಅವರು ಅದಕ್ಕೆ ತಮ್ಮದೇ ಆದ ಮೂರನೆಯ ಉತ್ತರವೊಂದನ್ನು ಕಂಡುಕೊಂಡಿದ್ದರು.

ವಾನ್ಲೆಸ್ ಜನಿಸಿದ್ದು 1865ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯಶಿಕ್ಷಣ ಪಡೆದು 1889ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ ಭಾರತಕ್ಕೆ ಬಂದರು. ಪತ್ನಿ ಮೇರಿ ದಾದಿಯ ತರಬೇತಿ ಪಡೆದವರು. ದಂಪತಿಗಳು ಮೊದಲು ಸಾಂಗ್ಲಿಯಲ್ಲಿ ಚಿಕ್ಕದೊಂದು ದವಾಖಾನೆ ತೆರೆದರು. ಕೆಲವೇ ವರ್ಷಗಳಲ್ಲಿ ಬೀಡು ಮಿರಜಕ್ಕೆ ಬದಲಾಯಿತು. ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಮಿರಜ ಸಂಸ್ಥಾನ ಜಾಗ ನೀಡಿತು. ಫಿಲಡೆಲ್ಫಿಯಾದ ರೈಲು ಎಂಜಿನ್ ಕಾರ್ಖಾನೆಯ ಉದ್ಯಮಿ ಜಾನ್ ಕಾನ್ವರ್ಸ್ ಕಟ್ಟಡಕ್ಕೆ ಹಣ ಕೊಟ್ಟರು. 1894ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು.

ಸ್ಥಳದ ಆಯ್ಕೆ ಫಲ ಕೊಟ್ಟಿತು. ಪುಣೆ, ಕೊಲ್ಹಾಪುರ ಹಾಗೂ ಬೆಳಗಾವಿಯ ಕಡೆಯ ರೈಲು ಮಾರ್ಗಗಳು ಮಿರಜದಲ್ಲಿ ಕೂಡುತ್ತಿದ್ದವು. ಮರಾಠಿ, ಕನ್ನಡ ಎರಡೂ ಭಾಷೆಗಳ ರೋಗಿಗಳಿಗೆ ಅದು ಎಟುಕುವ ಊರು. ಎಟುಕುವುದೆಂದರೂ ಎಲ್ಲರಿಗೂ ಒಂದೇ ರೀತಿಯಲ್ಲಲ್ಲ. ಬೈಲಹೊಂಗಲ ಆಗ ಸಂಪಗಾವಿ ತಾಲ್ಲೂಕಿನ ಕೇಂದ್ರ, ಕಿತ್ತೂರು ಅದರೊಳಗಿನ ಊರು. ಸವದತ್ತಿ ಪರಸಗಡ ತಾಲ್ಲೂಕಿನ ಕೇಂದ್ರ. ಇವೆಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರೆ ರಾಮದುರ್ಗ ಪ್ರತ್ಯೇಕ ದೇಶೀಯ ಸಂಸ್ಥಾನವಾಗಿತ್ತು. ನಾಲ್ಕರಲ್ಲಿ ಒಂದೂರಿಗೂ ರೈಲು ಇರಲಿಲ್ಲ. ನಿಲ್ದಾಣಕ್ಕಾಗಿ ಈ ಊರುಗಳವರು ಇಂದಿಗೂ ಕಾಯುತ್ತಿದ್ದಾರೆ. ಮಲಪ್ರಭೆಯ ದಂಡೆಯ ರೈತನೊಬ್ಬ ಬೆಳಗಾವಿಯ ಇಲ್ಲವೇ ಧಾರವಾಡದ ನಿಲ್ದಾಣ ತಲುಪುವವರೆಗೆ ಚಕ್ಕಡಿಯನ್ನೇ ನಂಬಬೇಕಿತ್ತು. ಚಿಕಿತ್ಸೆ ಉಚಿತವಾದರೂ ದಾರಿಯ ಖರ್ಚು, ಬಿಟ್ಟುಬಂದ ಹೊಲದ ಕೆಲಸ, ಜೊತೆಗೆ ಬಂದವರ ಊಟ ಉಚಿತವಲ್ಲ. ಈ ಲೆಕ್ಕವನ್ನು ಯಾವ ಆಸ್ಪತ್ರೆಯ ಖಾತೆಪುಸ್ತಕವೂ ತೋರಿಸುವುದಿಲ್ಲ.

ವಾನ್ಲೆಸ್ ಪ್ರಧಾನವಾಗಿ ಶಸ್ತ್ರವೈದ್ಯರು. ಕಣ್ಣಿನ ಪೊರೆ ತೆಗೆಯುವುದರಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಅವರ ಕೈಗುಣದ ಹೆಸರು ದೂರದೂರಿಗೆ ಹಬ್ಬಿತು. ಹೆಸರಿನೊಂದಿಗೆ ಶ್ರೀಮಂತರೂ ಬಂದರು. ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರ ವಿಶ್ವಾಸ ಅವರಿಗಿತ್ತು. ಇಲ್ಲಿಯೇ ಅವರ ವ್ಯವಹಾರಜ್ಞಾನ ಎದ್ದು ಕಾಣುವುದು. ಅನುಕೂಲಸ್ಥ ರೋಗಿಯಿಂದ ಅವನ ಶಕ್ತಿಗೆ ತಕ್ಕಂತೆ ಶುಲ್ಕ. ಗುಣಮುಖರಾದ ಧನಿಕರಿಂದ ದೇಣಿಗೆ. ಆ ಹಣದಿಂದ ಬಡ ರೋಗಿಗೆ ಔಷಧೋಪಚಾರ. ಮಿಷನ್ನಿನ ವಿದೇಶಿ ಹಣದ ಮೇಲೆಯೇ ಆಸ್ಪತ್ರೆ ಸದಾಕಾಲ ನಿಲ್ಲಲಾರದೆಂಬುದನ್ನು ಅವರು ಬೇಗನೆ ಅರಿತಿದ್ದರು.

ಇದು ವಿಮೆಯಲ್ಲ. ಆರೋಗ್ಯವಂತನಾಗಿದ್ದಾಗ ಕಂತು ಕಟ್ಟಿ, ಕಾಯಿಲೆ ಬಿದ್ದಾಗ ಹಕ್ಕಿನಿಂದ ಪಡೆಯುವ ಏರ್ಪಾಡು ವಿಮೆ. ಇದು ಸರ್ಕಾರಿ ವ್ಯವಸ್ಥೆಯೂ ಅಲ್ಲ, ಏಕೆಂದರೆ ತೆರಿಗೆಯ ಹಣದಿಂದ ಇದು ನಡೆಯುತ್ತಿರಲಿಲ್ಲ. ಇಡೀ ಏರ್ಪಾಡು ನಿಂತಿದ್ದುದು ಒಂದು ಸರಳ ಸಂಗತಿಯ ಮೇಲೆ: ಜಹಗೀರದಾರನೂ ಅವನ ಹೊಲದ ಆಳೂ ಅದೇ ವೈದ್ಯನ ಕೈಗೆ ಬರಬೇಕು. ಸುತ್ತ ನೂರಾರು ಮೈಲಿಗಳಲ್ಲಿ ಅಂಥ ಶಸ್ತ್ರವೈದ್ಯ ಇನ್ನೊಬ್ಬನಿಲ್ಲದಿದ್ದ ಕಾಲದಲ್ಲಿ ಅದು ತಾನಾಗಿಯೇ ಒದಗಿಬಂದಿತ್ತು.

ಸರ್ಕಾರದ ಪಾಲು ಆಗ ತೀರ ಅಲ್ಪ. ಜಿಲ್ಲಾ ಕೇಂದ್ರದಲ್ಲೊಂದು ಸಿವಿಲ್ ಆಸ್ಪತ್ರೆ, ದೊಡ್ಡ ಊರುಗಳಲ್ಲಿ ಲೋಕಲ್ ಬೋರ್ಡಿನ ದವಾಖಾನೆ, ಇಷ್ಟೇ ಆ ಕಾಲದ ಚೌಕಟ್ಟು. 1896ರ ನಂತರ ಮುಂಬಯಿ ಪ್ರಾಂತ್ಯವನ್ನು ಪ್ಲೇಗ್ ಹಿಂಡಿತು. ಜೊತೆಗೆ 1896–97 ಮತ್ತು 1899–1900ರ ಬರಗಾಲಗಳು. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ದಿನ ದೂಡಿದ ವರ್ಷಗಳವು. ಅಂಥ ಪಿಡುಗನ್ನು ತಡೆಯುವುದು ಒಬ್ಬ ಶಸ್ತ್ರವೈದ್ಯನ ಚಾಕುವಿನಿಂದ ಆಗುವ ಕೆಲಸವಲ್ಲ. ಶುದ್ಧ ನೀರು, ನೈರ್ಮಲ್ಯ, ಲಸಿಕೆ ಇವು ಆಳುವವರ ಹೊಣೆ. ವಾನ್ಲೆಸ್ ಮಾದರಿಯ ಮಿತಿ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಆದರೂ ಅವರು ಶಸ್ತ್ರಚಿಕಿತ್ಸೆಯ ಕೋಣೆಗೆ ಸೀಮಿತರಾಗಲಿಲ್ಲ. 1897ರಲ್ಲಿ ಮಿರಜದಲ್ಲಿ ವೈದ್ಯಶಾಲೆ ಆರಂಭಿಸಿ ಭಾರತೀಯ ತರುಣರಿಗೆ ತರಬೇತಿ ನೀಡತೊಡಗಿದರು. ಸಮಾಜ ದೂರವಿಟ್ಟಿದ್ದ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿಸಿದರು. ಕ್ಷಯರೋಗಿಗಳಿಗಾಗಿ ಸಾಂಗ್ಲಿ–ಮಿರಜ ನಡುವೆ 1920ರಲ್ಲಿ ಆರೋಗ್ಯಧಾಮ ಸ್ಥಾಪನೆಯಾಯಿತು. ಆ ಪ್ರದೇಶಕ್ಕೆ ವಾನ್ಲೆಸ್‌ವಾಡಿ ಎಂಬ ಹೆಸರೇ ನಿಂತಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವ ಕ್ಷಯರೋಗಿಯಿಂದಾಗಲಿ, ಮನೆಯವರೇ ಹೊರಹಾಕಿದ ಕುಷ್ಠರೋಗಿಯಿಂದಾಗಲಿ ಶುಲ್ಕ ನಿರೀಕ್ಷಿಸುವಂತಿಲ್ಲ. ಲಾಭನಷ್ಟ ನೋಡುವ ಯಾವ ವಿಮಾ ಕಂಪನಿಯೂ ಇಂಥ ರೋಗಿಗಳನ್ನು ಒಲ್ಲದೆಂಬುದು ಬೇರೆ ಹೇಳಬೇಕಿಲ್ಲ.

ಈ ಸೇವೆಗೆ ಧರ್ಮಪ್ರಚಾರದ ನಂಟಿತ್ತೆಂಬುದನ್ನು ಮುಚ್ಚಿಡುವಂತಿಲ್ಲ. ವಾನ್ಲೆಸ್ ಮೊದಲಿಗೆ ಮಿಷನರಿ. ವೈದ್ಯವೃತ್ತಿ ಅವರಿಗೆ ಕ್ರಿಸ್ತನ ಸೇವೆಯ ಮಾರ್ಗವಾಗಿತ್ತು. ದಾನಿಯ ಉದ್ದೇಶವನ್ನು ಪ್ರಶ್ನಿಸುವ ಅಧಿಕಾರ ದಾನ ಪಡೆಯುವವನಿಗೆ ಇರುವುದಿಲ್ಲ. ತೆರಿಗೆಯ ಹಣದಿಂದ ನಡೆಯುವ ದವಾಖಾನೆ ಎಷ್ಟೇ ಬಡಕಲಾಗಿರಲಿ, ಅಲ್ಲಿ ಔಷಧಿಯಿಲ್ಲವೆಂದು ಜನ ದನಿಯೆತ್ತಬಹುದು. ಈ ವ್ಯತ್ಯಾಸ ಚಿಕ್ಕದಲ್ಲ.

ವಾನ್ಲೆಸ್ ಅವರ ಜೀವಮಾನದಲ್ಲೇ ಜಗತ್ತು ಬೇರೆ ದಾರಿಗಳನ್ನು ತುಳಿಯುತ್ತಿತ್ತು. ಜರ್ಮನಿಯಲ್ಲಿ 1883ರಲ್ಲಿಯೇ ಕಾರ್ಮಿಕರ ಆರೋಗ್ಯ ವಿಮೆ ಕಡ್ಡಾಯವಾಗಿತ್ತು. ಬ್ರಿಟನ್ 1911ರಲ್ಲಿ ಅದೇ ಬಗೆಯ ಕಾಯ್ದೆ ತಂದಿತು. ಅಮೆರಿಕದ ಡಲ್ಲಾಸಿನಲ್ಲಿ 1929ರಲ್ಲಿ ಶಾಲಾಶಿಕ್ಷಕರು ತಿಂಗಳಿಗೆ 50 ಸೆಂಟ್ ಕಟ್ಟಿ ವರ್ಷಕ್ಕೆ 21 ದಿನಗಳ ಆಸ್ಪತ್ರೆವಾಸ ಪಡೆಯುವ ಯೋಜನೆ ಹುಟ್ಟಿತು. ಅಲ್ಲಿನ ಖಾಸಗಿ ಆಸ್ಪತ್ರೆ ವಿಮೆಯ ಬೀಜ ಅದೇ. ಅಷ್ಟರಲ್ಲಿ ವಾನ್ಲೆಸ್ ನಿವೃತ್ತರಾಗಿದ್ದರು. 1928ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿ ನೀಡಿತು. ಅಮೆರಿಕಕ್ಕೆ ಮರಳಿ ತಮ್ಮ ಅನುಭವಗಳನ್ನು ಪುಸ್ತಕರೂಪದಲ್ಲಿ ದಾಖಲಿಸಿದ ಅವರು 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಧನ ಹೊಂದಿದರು.

ಅವರು ಕಾಣದೇ ಹೋದ ಭಾರತದಲ್ಲಿ ಎರಡು ವರದಿಗಳು ಎದುರುಬದುರಾಗಿ ನಿಂತವು. ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಕಾರ್ಖಾನೆ ಕಾರ್ಮಿಕರಿಗೆ ಆರೋಗ್ಯ ವಿಮೆ ಶಿಫಾರಸು ಮಾಡಿದರು. 1948ರ ಇಎಸ್‌ಐ ಕಾಯ್ದೆಗೆ ಅದು ಬುನಾದಿಯಾಯಿತು. ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿಯಾದರೋ 1946ರಲ್ಲಿ, ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಸರ್ಕಾರದ ಮೇಲೆ ಹೊಣೆ ಹೊರಿಸಿತು. ಸವದತ್ತಿಯ ಒಣಬೇಸಾಯಗಾರನಾಗಲಿ, ರಾಮದುರ್ಗದಲ್ಲಿ ಮನೆಯಲ್ಲೇ ಮಗ್ಗ ನಡೆಸುವ ನೇಕಾರನಾಗಲಿ ಇಎಸ್‌ಐ ವ್ಯಾಪ್ತಿಗೆ ಬರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ ಅವನ ಸಮೀಪಕ್ಕೆ ಬಂತಾದರೂ ಶಸ್ತ್ರಚಿಕಿತ್ಸೆ ದೂರವೇ ಉಳಿಯಿತು.

ಕರ್ನಾಟಕದಲ್ಲಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಆ ಕೊರತೆ ತುಂಬಲು ಹೊರಟಿತು. ಸಹಕಾರ ಸಂಘದ ಸದಸ್ಯ ರೈತ ಆರಂಭದಲ್ಲಿ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾಕಿತ್ತು; ವಿಮಾ ಕಂಪನಿಯ ಬದಲು ಒಂದು ಟ್ರಸ್ಟ್ ಅದನ್ನು ನಡೆಸಿತು. 2018ರಲ್ಲಿ ನಿಂತುಹೋದ ಆ ಯೋಜನೆ 2022–23ರಲ್ಲಿ ಮರುಜೀವ ಪಡೆಯಿತು. 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಬಿಪಿಎಲ್ ಕುಟುಂಬಗಳ ಗಂಭೀರ ಕಾಯಿಲೆಗಳ ವೆಚ್ಚವನ್ನು ಸರ್ಕಾರದ ಮೇಲೆ ಹಾಕಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಿಗದಿಯಾಯಿತು. ಹಣ ಸರ್ಕಾರದ್ದು, ಹಾಸಿಗೆ ಅನೇಕ ಬಾರಿ ಖಾಸಗಿಯವರದು. ಅನುಕೂಲಸ್ಥರು ತಮ್ಮದೇ ವಿಮಾ ಕಾರ್ಡು ಹಿಡಿದು ಬೇರೆ ಬಾಗಿಲಿನಿಂದ ಒಳಹೋಗುತ್ತಾರೆ. ಇವರಿಂದ ಪಡೆದು ಅವರಿಗೆ ಕೊಡುವ ವಾನ್ಲೆಸ್ ಲೆಕ್ಕಾಚಾರಕ್ಕೆ ಅಲ್ಲಿ ಎಡೆಯಿಲ್ಲ.

ಮಿರಜದಲ್ಲಿ 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಪಟ್ಟಣದ ತುಂಬ ಖಾಸಗಿ ಆಸ್ಪತ್ರೆಗಳು ಹುಟ್ಟಿಕೊಂಡವು. ಶುಲ್ಕ ಕೊಡಬಲ್ಲ ರೋಗಿಗಳು ಅತ್ತ ಸರಿದ ಮೇಲೆ, ವೈದ್ಯರ ಹೆಸರನ್ನೇ ಹೊತ್ತ ವಾನ್ಲೆಸ್ ಆಸ್ಪತ್ರೆ ಇತ್ತೀಚಿನ ದಶಕಗಳಲ್ಲಿ ಹಣದ ಮುಗ್ಗಟ್ಟಿಗೆ ಸಿಲುಕಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಬಡ ರೋಗಿ ಈಗ ಮೊದಲು ಸರ್ಕಾರಿ ವೈದ್ಯರ ಶಿಫಾರಸು ಪತ್ರ ಪಡೆಯಬೇಕು. ಅದನ್ನು ಹಿಡಿದು ಬೆಳಗಾವಿಯ ಬಸ್ಸು ಹತ್ತಬೇಕು. ತುರ್ತು ಪ್ರಕರಣಗಳಿಗೆ ಮಾತ್ರ ಈ ಪತ್ರದಿಂದ ವಿನಾಯಿತಿಯಿದೆ.